ಅಪ್ಪನಿಗೆ ಅಣ್ಣಾವ್ರ ಸಿನಿಮಾ ಥಿಯೇಟರ್‌ನಲ್ಲಿ ತೋರಿಸೋಕೆ

ಮಂಡಿನೋವಿರುವ ಅಪ್ಪನಿಗೆ ರಾಜ್‌ಕುಮಾರ್ ಸಿನಿಮಾವನ್ನು ಬೆಂಗಳೂರಿನ ಥಿಯೇಟರ್‌ನಲ್ಲಿ ತೋರಿಸಬೇಕು, ಯಾವಾಗ ಹಾಕುತ್ತಾರೆ ಅಂತ ಕೇಳಿದ್ದೀರಿ.

ಹುಟ್ಟುಹಬ್ಬದ ಆಸುಪಾಸು ಕಣ್ಣಿಟ್ಟಿರಿ. ಅಣ್ಣಾವ್ರದು ಏಪ್ರಿಲ್ 24. ಪುನೀತ್ ಅವರ ‘ಅಪ್ಪು’ 2025ರ ಮಾರ್ಚ್‌ನಲ್ಲಿ ಮತ್ತೆ ಬಂದಿದ್ದೂ ಅವರ ಹುಟ್ಟುಹಬ್ಬಕ್ಕೇ. ಬಂದರೆ ಮೊದಲ ವಾರವೇ ಹೋಗಿಬಿಡಿ. ಶುಕ್ರವಾರ ಹೊಸ ಸಿನಿಮಾ ಬಂದರೆ ಹಳೆಯದನ್ನು ತೆಗೆದುಬಿಡಬಹುದು.

1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣದಲ್ಲಿ ಬಂದಾಗ ಅಮ್ಮನ ಜೊತೆ ಹೋಗಿದ್ದೆ. ಬೊಂಬೆಯ ಹಾಡು ಶುರುವಾಯಿತು ನೋಡಿ, ಪಕ್ಕದ ಅಜ್ಜ ಕಡಲೆಕಾಯಿ ಪೊಟ್ಟಣ ಮಡಚಿ ಜೇಬಿಗಿಟ್ಟುಕೊಂಡು ಇಡೀ ಹಾಡು ಹಾಡಿದರು. ಪಾರಿವಾಳದ ದೃಶ್ಯಕ್ಕೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಟಿವಿಯಲ್ಲಿ ಎಷ್ಟೋ ಸಲ ನೋಡಿದ್ದರೂ ಅತ್ತಿರಲಿಲ್ಲ. ಜನರ ಮಧ್ಯೆ ಕೂತು ನೋಡೋದೇ ಬೇರೆ ಅಲ್ವಾ?

ಬನಶಂಕರಿಯ ಸುಚಿತ್ರ ಫಿಲ್ಮ್ ಸೊಸೈಟಿಯ ಕಾರ್ಯಕ್ರಮಗಳನ್ನೂ ಆಗಾಗ ನೋಡ್ತಿರಿ. ಕನ್ನಡದ್ದಷ್ಟೇ ಅಲ್ಲ, ಬೇರೆ ಭಾಷೆಯ ಒಳ್ಳೆ ಸಿನಿಮಾಗಳನ್ನೂ ಅಲ್ಲಿ ತೋರಿಸುತ್ತಾರೆ.

ಹಳೆ ಥಿಯೇಟರ್ ಆದರೆ ಬಾಲ್ಕನಿ ಟಿಕೆಟ್ ತಗೊಳ್ಳುವ ಮುಂಚೆ ಮೆಟ್ಟಿಲು ಎಷ್ಟಿವೆ ಅಂತ ವಿಚಾರಿಸಿ. ಅಪ್ಪನಿಗೆ ಕೆಳಗಿನ ಹಿಂದಿನ ಸಾಲೇ ಆರಾಮ.