ಅಪ್ಪನ ಜೋಡುನಳಿಗೆಗೆ ಗರಗಸ ಹಾಕಬೇಡಿ

(ಹೆಸರು ಬೇಡ ಎಂದಿರುವ ಮೂಡಿಗೆರೆ ಕಡೆಯ ಓದುಗರೊಬ್ಬರ ಪತ್ರದ ಸಾರ: "ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ ಇದೆ. ಬೆಳೆ ಕಾಯಲೆಂದು ನನ್ನ ಹೆಸರಿನಲ್ಲಿ ಒಂದು ಕೇಪಿನ ಕೋವಿ (ಬಾಯಿಯಿಂದ ಮದ್ದು ತುಂಬುವ ಹಳೆ ಮಾದರಿ) ಇದೆ. ಈಚೆಗೆ ಅಪ್ಪ ತೀರಿಕೊಂಡರು. ಅವರ 12 ಬೋರಿನ ಜೋಡುನಳಿಗೆ ಕೋವಿ ಬೀರುವಿನಲ್ಲೇ ಇದೆ. ಬರ್ಮಿಂಗ್‌ಹ್ಯಾಮ್ ಮಾಲು, 30 ಇಂಚು ನಳಿಗೆ. ಜೀಪಿನಲ್ಲೂ ತೋಟದಲ್ಲೂ ತೊಡಕು. 18 ಇಂಚಿಗೆ ಕತ್ತರಿಸಿ ಕೊಡ್ತೀನಿ ಎಂದು ಪರಿಚಯದವರೊಬ್ಬರು ಹೇಳಿದ್ದಾರೆ. ಜೊತೆಗೆ ಒಂದು ಪಂಪ್ ಆಕ್ಷನ್ (ಮುಂದಿನ ಹಿಡಿ ಹಿಂದಕ್ಕೆಳೆದು ಮುಂದಿನ ಈಡು ತುಂಬುವ ಕೋವಿ) ಕೊಳ್ಳುವ ಆಸೆ. ತೆರಿಗೆ ಏರಿದೆ, ಇನ್ನೂ ಏರುತ್ತೆ, ಈಗಲೇ ತಗೊಳ್ಳಿ ಅಂತಾರೆ. ನನ್ನ ಹೆಂಡತಿ ಕೊಡವರ ಮನೆಯವಳು. ಅವಳ ಹೆಸರಿನಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾ? ಹಂದಿ ಕಾಟ ವಿಪರೀತ.")

ಪ್ರಿಯ ಓದುಗರೆ,

ನಿಮ್ಮ ಪ್ರಶ್ನೆಗಳಿಗಿಂತ ಮೊದಲು ನನಗೆ ದಿಗಿಲಾಗಿದ್ದು "ಬೀರುವಿನಲ್ಲೇ ಇದೆ" ಎನ್ನುವ ಮಾತು ಓದಿ. ಲೈಸೆನ್ಸ್ ಇದ್ದದ್ದು ನಿಮ್ಮ ತಂದೆಯವರಿಗೆ, ಕೋವಿಗಲ್ಲ. ಅವರು ಹೋದ ಮೇಲೆ ಅದು ನಿಮ್ಮ ಮನೆಯಲ್ಲಿ ಲೈಸೆನ್ಸ್ ಇಲ್ಲದ ಕೋವಿ. ನಿಮ್ಮ ಹೆಸರಿನಲ್ಲಿ ಬೇರೆ ಕೋವಿಯ ಲೈಸೆನ್ಸ್ ಇದೆ ಎನ್ನುವುದು ಇದಕ್ಕೆ ಆಸರೆ ಆಗುವುದಿಲ್ಲ. ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಕೊಟ್ಟು ರಸೀದಿ ಪಡೆಯಿರಿ. ಈ ವಾರವೇ ಮಾಡಿ, ಕಾಫಿ ಕುಯ್ಲು ಮುಗಿಯಲಿ ಅಂತ ಕಾಯಬೇಡಿ. ಒಯ್ಯುವ ಮೊದಲು ಠಾಣೆಗೆ ಫೋನ್ ಮಾಡಿ ಸಾವಿನ ವಿಷಯ ತಿಳಿಸಿ. ರಸೀದಿಯಲ್ಲಿ ಕೋವಿಯ ನಂಬರು, ತಯಾರಕರ ಹೆಸರು, ನಳಿಗೆಯ ಉದ್ದ, ಹಿಡಿಯ ಮರದ ಸ್ಥಿತಿ ಎಲ್ಲವನ್ನೂ ಬರೆಸಿ. ಠಾಣೆಯ ಮೂಲೆಯಲ್ಲಿ ಎರಡು ಮಳೆಗಾಲ ಕಳೆದ ಕೋವಿ ತುಕ್ಕು ಹಿಡಿದು ವಾಪಸ್ ಬಂದಾಗ ಮಾತಾಡಲು ಕೈಯಲ್ಲಿ ಏನಾದರೂ ಇರಬೇಕಲ್ಲ. ಅಂಗಡಿಯಲ್ಲಿಟ್ಟರೆ ಬಾಡಿಗೆ ತಗೊಳ್ಳುತ್ತಾರೆ, ಆದರೆ ಎಣ್ಣೆ ಕಾಣಿಸುತ್ತಾರೆ. ನಾನಾದರೆ ಅಂಗಡಿಯಲ್ಲೇ ಇಡುತ್ತೇನೆ.

ಕೊಟ್ಟರೆ ಕೋವಿ ಹೋಯಿತು ಅಂತಲ್ಲ. ವಾರಸುದಾರರಾಗಿ ನೀವು ಲೈಸೆನ್ಸ್‌ಗೆ ಅರ್ಜಿ ಹಾಕಬಹುದು. ಮನೆಯ ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕಾಗುತ್ತದೆ, ಅಕ್ಕತಂಗಿಯರನ್ನು ಮರೆಯಬೇಡಿ. ಈ ಪತ್ರ ಓದುತ್ತಿರುವ ಇತರರಿಗೂ ಒಂದು ಮಾತು. 2016ರ ಶಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ, ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಬದುಕಿರುವಾಗಲೇ ತಮಗೆ ಬೇಕಾದ ವಾರಸುದಾರರ ಹೆಸರಿಗೆ ಕೊಡಿಸಬಹುದು. ನಮ್ಮ ಕಡೆ ಯಾರೂ ಇದನ್ನು ಮಾಡಿಸುವುದಿಲ್ಲ. ಅಪ್ಪ ಗಟ್ಟಿಯಾಗಿರುವಾಗ ಕೋವಿ ಕೇಳಿದರೆ ಆಸ್ತಿ ಕೇಳಿದ ಹಾಗೆ ಆಗುತ್ತದೆ ಎಂಬ ಮುಜುಗರ.

ಈಗ ನಳಿಗೆಯ ವಿಷಯ. ಆ ಪರಿಚಯದವರಿಗೆ ಕೈ ಮುಗಿದು ಬೇಡ ಅನ್ನಿ. 1959ರ ಶಸ್ತ್ರ ಕಾಯ್ದೆಯ 6ನೇ ಕಲಮು ನಳಿಗೆ ಕತ್ತರಿಸುವುದಕ್ಕೇ ಬೇರೆ ಲೈಸೆನ್ಸ್ ಬೇಕು ಅನ್ನುತ್ತದೆ. ಅದಿಲ್ಲದೆ ಕತ್ತರಿಸಿದರೆ, 2019ರ ತಿದ್ದುಪಡಿಯ ನಂತರ, ಕಡಿಮೆ ಎಂದರೆ 7 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಮೊದಲು ಇದು 3ರಿಂದ 7 ವರ್ಷ ಇತ್ತು. ಅದರ ಮೇಲೆ ನೀವು ಹೇಳುವ 18 ಇಂಚು ಇದೆಯಲ್ಲ, ಅದು ಇನ್ನೊಂದು ಗೆರೆ ದಾಟುತ್ತದೆ. ನಿಮ್ಮದರ ಹಾಗೆ ಒಳಗೆ ತಿರುಗುಗೆರೆ ಇಲ್ಲದ ಕೋವಿಯ ನಳಿಗೆ 20 ಇಂಚಿಗಿಂತ ಕುಳ್ಳಗಿದ್ದರೆ ಅದು ನಿರ್ಬಂಧಿತ ವರ್ಗಕ್ಕೆ ಸೇರುತ್ತದೆ. ಸಾಮಾನ್ಯ ರೈತನಿಗೆ ಅದರ ಲೈಸೆನ್ಸ್ ಸಿಗುವ ಮಾತೇ ಇಲ್ಲ. ಗರಗಸ ಹಿಡಿದವರಿಗೂ ಇದೇ ಕಲಮು, ಅದನ್ನೂ ಅವರಿಗೆ ತಿಳಿಸಿ. ಹಾಗೆಯೇ ಕೇಪಿನ ಕೋವಿಯನ್ನು ತೋಟೆ (ಕಾರ್ಟ್ರಿಜ್) ಹಾಕುವ ಕೋವಿಯಾಗಿ ಬದಲಿಸಿಕೊಡುವ ಕಮ್ಮಾರರ ಮಾತಿಗೂ ಬೀಳಬೇಡಿ. ಒಂದು ವರ್ಗದ ಕೋವಿಯನ್ನು ಇನ್ನೊಂದು ವರ್ಗಕ್ಕೆ ಬದಲಿಸುವುದನ್ನೂ 2019ರಲ್ಲಿ ಅದೇ ಕಲಮಿಗೆ ಸೇರಿಸಿದ್ದಾರೆ.

ಕಾನೂನು ಪಕ್ಕಕ್ಕಿರಲಿ, ಕೋವಿಯ ದೃಷ್ಟಿಯಿಂದಲೂ ಅದು ಹಾಳು ಕೆಲಸ. ಚರೆ (ತೋಟೆಯೊಳಗಿನ ಸಣ್ಣ ಗುಂಡುಗಳು) ಹರಡದಂತೆ ಹಿಡಿಯುವ ಚೋಕ್ ಇರುವುದು ನಳಿಗೆಯ ತುದಿಯ ಒಂದೆರಡು ಇಂಚಿನಲ್ಲಿ. ತುದಿ ಹೋಯಿತು ಅಂದರೆ ಚೋಕ್ ಹೋಯಿತು. ಜೋಡುನಳಿಗೆಯಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಎರಡೂ ನಳಿಗೆಗಳ ಈಡು ಒಂದೇ ಗುರಿಗೆ ಬೀಳುವ ಹಾಗೆ ಅವನ್ನು ತುಸು ಓರೆಯಾಗಿ ಜೋಡಿಸಿ, ಮೇಲೆ ಕೆಳಗೆ ಪಟ್ಟಿ ಕೊಟ್ಟು ಬೆಸುಗೆ ಹಾಕಿರುತ್ತಾರೆ. ಅರ್ಧಕ್ಕೆ ಕತ್ತರಿಸಿದರೆ ಆ ಲೆಕ್ಕ ತಪ್ಪುತ್ತದೆ, ಬೆಸುಗೆಯೂ ಬಿಡುತ್ತದೆ. ಒಳ್ಳೆ ಬರ್ಮಿಂಗ್‌ಹ್ಯಾಮ್ ಕೋವಿಗೆ ಹೀಗೆ ಮಾಡುವುದು ಶತಮಾನದ ಬೀಟೆ ಮರ ಕಡಿದು ಬೇಲಿ ಗೂಟ ಮಾಡಿದ ಹಾಗೆ.

ನಿಮ್ಮ ನಿಜವಾದ ತೊಡಕಿಗೆ ಬೇರೆ ದಾರಿ ಇದೆ. ಜೋಡುನಳಿಗೆ ಕೋವಿ ಮೂರು ತುಂಡಾಗಿ ಬಿಚ್ಚಿಕೊಳ್ಳುತ್ತದೆ, ಜೀಪಿನಲ್ಲಿ ಚಿಕ್ಕ ಪೆಟ್ಟಿಗೆ ಸಾಕು. ಉಪಯೋಗ ಇಲ್ಲದಾಗ ಬಿಚ್ಚಿ ಬೀಗ ಹಾಕಿಡಿ ಎಂದು ನಿಯಮವೂ ಹೇಳುತ್ತದೆ. ಹೆಗಲಿಗೆ ಉದ್ದ ಅನ್ನಿಸಿದರೆ ಹಿಂಬದಿಯ ಮರವನ್ನು ನಿಮ್ಮ ತೋಳಿನ ಅಳತೆಗೆ ತಿದ್ದಿಸಿ, ಒದೆತ ಜಾಸ್ತಿಯಾದರೆ ರಬ್ಬರ್ ಪ್ಯಾಡ್ ಹಾಕಿಸಿ, ಹೆಗಲಿಗೆ ತೂಗುಹಾಕುವ ಪಟ್ಟಿಗೆ ಕೊಂಡಿ ಹಾಕಿಸಿ. ರಿಪೇರಿಗೆ ಲೈಸೆನ್ಸ್ ಇರುವವರ ಹತ್ತಿರ ಮಾಡಿಸಿ, ಬಿಲ್ಲು ಇಟ್ಟುಕೊಳ್ಳಿ. ಪಾಲಿಶ್ ಮಾಡುವ ನೆಪದಲ್ಲಿ ನಂಬರು ಉಜ್ಜಿಹೋಗದಂತೆ ನೋಡಿಕೊಳ್ಳಿ. ಗುರುತು ಅಳಿಸುವುದೂ ಅಪರಾಧ.

ಒಂದು ಕೆಲಸ ಮಾತ್ರ ತಪ್ಪಿಸಬೇಡಿ. ನಳಿಗೆ ಬಿಚ್ಚಿಸಿ ತಳದಲ್ಲಿರುವ ಪರೀಕ್ಷೆಯ ಮುದ್ರೆಗಳನ್ನು ರಿಪೇರಿಯವರಿಗೆ ತೋರಿಸಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಕೋವಿ ಪರೀಕ್ಷೆಯ ಮನೆ ಶುರುವಾದದ್ದು 1813ರಲ್ಲಿ. ಹಳೆಯ ಕೋವಿಗಳನ್ನು ಕರಿಮದ್ದಿಗೆ ಮಾತ್ರ ಪರೀಕ್ಷಿಸಿರುತ್ತಿದ್ದರು. ಈಗಿನ ಹೊಗೆರಹಿತ ಮದ್ದಿಗೆ ನೈಟ್ರೋ ಪರೀಕ್ಷೆಯ ಮುದ್ರೆ ಬೇಕು. ಅದಿಲ್ಲದಿದ್ದರೆ, ಅಥವಾ ನಳಿಗೆಯ ಮೇಲೆ ಹಾವಿನ ಮೈಯಂಥ ಸುರುಳಿ ಗೆರೆ ಇದ್ದರೆ (ಲೋಹದ ಪಟ್ಟಿ ಸುತ್ತಿ ಬೆಸೆದ ಹಳೆಯ ಡಮಾಸ್ಕಸ್ ನಳಿಗೆ ಇರಬಹುದು), ಆ ಕೋವಿ ಗೋಡೆಯ ಮೇಲೆ ಚಂದ, ಭುಜದ ಮೇಲೆ ಬೇಡ. ಇನ್ನೊಂದು ಮೋಸ ತೋಟೆಯ ಉದ್ದದ್ದು. ಹಳೆಯ ಇಂಗ್ಲಿಷ್ ಕೋವಿಗಳ ತೋಟೆಮನೆ ಬಹಳಷ್ಟು 65 ಮಿಲಿಮೀಟರಿನದು. ಈಗ ಅಂಗಡಿಯಲ್ಲಿ ಸಿಗುವುದರಲ್ಲಿ 70 ಮಿಲಿಮೀಟರಿನವೂ ಇವೆ. 70ರ ತೋಟೆ 65ರ ಮನೆಯೊಳಗೆ ಆರಾಮಾಗಿ ಕೂರುತ್ತದೆ, ಯಾಕೆಂದರೆ ಆ ಅಳತೆ ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟೆಯದು. ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೂತಿತು ಅಂದಮಾತ್ರಕ್ಕೆ ಸರಿಹೋಯಿತು ಅಂತಲ್ಲ.

ಇನ್ನು ಪಂಪ್ ಆಕ್ಷನ್. ಇಲ್ಲಿ ಲೆಕ್ಕ ಕೂಡಿ ನೋಡಿ. ಕೇಪಿನದು ಒಂದು, ಅಪ್ಪನದು ಎರಡು, ಪಂಪ್ ಮೂರು. 2019ರ ತಿದ್ದುಪಡಿ ಒಬ್ಬರಿಗೆ ಮೂರರ ಬದಲು ಎರಡೇ ಕೋವಿ ಅಂದಿದೆ. ಮಸೂದೆ ಬಂದಾಗ ಒಂದೇ ಎಂದಿತ್ತು, ಗಲಾಟೆಯಾಗಿ ಎರಡಕ್ಕೆ ನಿಂತಿತು. ಮೂರನೆಯದನ್ನು 2020ರ ಡಿಸೆಂಬರ್ 13ರ ಒಳಗೆ ಒಪ್ಪಿಸಬೇಕಾಗಿತ್ತು. ವಾರಸಿನಿಂದ ಬಂದದ್ದಕ್ಕೂ ಇದೇ ಮಿತಿ. ಒಂದು ಒಳ್ಳೆಯದೂ ಆಯಿತು, ಲೈಸೆನ್ಸಿನ ಅವಧಿ 3ರಿಂದ 5 ವರ್ಷಕ್ಕೆ ಹೋಯಿತು. ಹಾಗಾಗಿ ನಿಮ್ಮ ಮುಂದಿರುವ ಪ್ರಶ್ನೆ ಬೆಲೆಯದ್ದಲ್ಲ, ಯಾವುದನ್ನು ಬಿಡುತ್ತೀರಿ ಎನ್ನುವುದು.

ಬೆಲೆಯ ಬಗ್ಗೆ ನಿಮಗೆ ಹೇಳಿದವರು ಅರ್ಧ ಸರಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 28ರಿಂದ 40 ಪರ್ಸೆಂಟಿಗೆ ಹೋಗಿದ್ದು ರಿವಾಲ್ವರ್, ಪಿಸ್ತೂಲುಗಳಿಗೆ. ಚರೆ ಹಾರಿಸುವ ಉದ್ದ ಕೋವಿ ಆ ಪಟ್ಟಿಯಲ್ಲಿಲ್ಲ. ಅಂಗಡಿಯವರು ಎರಡನ್ನೂ ಸೇರಿಸಿ ಹೆದರಿಸಿದರೆ ಬಿಲ್ಲು ಕೇಳಿ. ಕೋವಿ, ತೋಟೆ ಮಾಡುವ ಸರ್ಕಾರಿ ಕಾರ್ಖಾನೆಗಳು 2021ರ ಅಕ್ಟೋಬರ್‌ನಲ್ಲಿ 7 ಕಂಪನಿಗಳಾಗಿ ಒಡೆದವು. ಕೋವಿ ಒಂದು ಕಂಪನಿಯದು, ತೋಟೆ ಇನ್ನೊಂದರದು, ಬೆಲೆಪಟ್ಟಿಗಳೂ ಬೇರೆ ಬೇರೆ. ಹಳೆಯ ವಿದೇಶಿ ಕೋವಿಯ ಬೆಲೆಗೆ ಮಾತ್ರ ಬೇರೆಯೇ ಕಾರಣ. 1980ರ ದಶಕದಲ್ಲಿ ಸಾಮಾನ್ಯ ಜನರಿಗೆ ಕೋವಿ ಆಮದು ನಿಂತಿತು. ಅವತ್ತು ದೇಶದೊಳಗೆ ಇದ್ದದ್ದೇ ಕೈ ಬದಲಾಗುತ್ತಿದೆ. ಒಳ್ಳೆ ಸ್ಥಿತಿಯ ಗ್ರೀನರ್, ವೆಬ್ಲಿಯಂಥ ಇಂಗ್ಲಿಷ್ ಕಂಪನಿಗಳ ಕೋವಿ ಕೇಳುವವರು ಇದ್ದೇ ಇರುತ್ತಾರೆ. ಅಂದರೆ ನಿಮ್ಮ ಬೀರುವಿನಲ್ಲಿರುವುದು, ಕತ್ತರಿಸದಿದ್ದರೆ, ನೀವು ಕೊಳ್ಳಬೇಕೆಂದಿರುವುದಕ್ಕಿಂತ ಬೆಲೆ ಬಾಳಬಹುದು.

ನನ್ನ ಸಲಹೆ ಕೇಳಿದರೆ ಜೋಡುನಳಿಗೆ ಉಳಿಸಿಕೊಳ್ಳಿ, ಪಂಪ್ ಬಿಡಿ. ಆಳುಕಾಳು, ಮಕ್ಕಳು ಓಡಾಡುವ ತೋಟದಲ್ಲಿ ಜೋಡುನಳಿಗೆಯಂತೆ ನಡುವೆ ಬಾಗಿಸಿ ತೆರೆಯುವ ಕೋವಿಯಷ್ಟು ನೆಮ್ಮದಿ ಇನ್ನೊಂದಿಲ್ಲ. ತೆರೆದರೆ ಎರಡೂ ನಳಿಗೆ ಖಾಲಿ ಇದೆಯೋ ಇಲ್ಲವೋ ಹತ್ತು ಮಾರು ದೂರದಿಂದ ಗೊತ್ತಾಗುತ್ತದೆ. ಪಂಪಿನಲ್ಲಿ ತೋಟೆಗಳು ಕೆಳಗಿನ ಕೊಳವೆಯಲ್ಲಿ ಅಡಗಿರುತ್ತವೆ. ಇಷ್ಟಾದರೂ ಪಂಪೇ ಬೇಕು ಅಂದರೆ ಕೇಪಿನದನ್ನು ಮಾರಿ. ನೇರವಾಗಿ ಇನ್ನೊಬ್ಬ ಲೈಸೆನ್ಸ್‌ದಾರರಿಗೆ ಮಾರುವುದಾದರೆ ಕೊಳ್ಳುವವರ ವಿವರದೊಂದಿಗೆ ಜಿಲ್ಲಾಧಿಕಾರಿಗೋ ಠಾಣೆಗೋ ಬರೆದು ತಿಳಿಸಿ, 45 ದಿನ ಕಳೆಯಬೇಕು. ಅಡ್ವಾನ್ಸ್ ತಗೊಂಡು ಕೋವಿ ಮೊದಲೇ ಕೊಟ್ಟುಬಿಡಬೇಡಿ.

ನಿಮ್ಮ ಮನೆಯವರ ಕೊಡವ ವಿನಾಯಿತಿ, ಅಂದರೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕಿನ ವಿಷಯ. ಅದು 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಿಂದ ಬಂದದ್ದು. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಸೇರಿದ್ದು. 2019ರಲ್ಲಿ ಕೇಂದ್ರ 10 ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್ ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವವರಿಗೆ ಅದು ಮನೆತನದ ವಿಷಯ, ಅಡ್ಡದಾರಿ ಅಲ್ಲ. ಅವರೂ ಜಿಲ್ಲಾಡಳಿತದಿಂದ ವಿನಾಯಿತಿ ಪತ್ರ ಪಡೆದೇ ಇಟ್ಟುಕೊಳ್ಳುತ್ತಾರೆ. ನಿಮ್ಮ ಮನೆಯವರ ಹಕ್ಕು ಅವರದ್ದು, ಮದುವೆಯಿಂದ ನಿಮಗೆ ಬರುವುದಿಲ್ಲ. ಅವರ ಹೆಸರಿನ ಕೋವಿ ಹಿಡಿದು ರಾತ್ರಿ ಗದ್ದೆ ಕಾಯಲು ಹೊರಡುವವರು ನೀವಾದರೆ ಲೈಸೆನ್ಸ್ ಇಲ್ಲದೆ ಕೋವಿ ಹಿಡಿದವರೂ ನೀವೇ.

ಹಂದಿ ಕಾಟಕ್ಕೆ ನನ್ನ ಬಳಿ ಸಮಾಧಾನದ ಉತ್ತರ ಇಲ್ಲ. ಬೆಳೆ ರಕ್ಷಣೆಯ ಲೈಸೆನ್ಸ್ ಬೇಟೆಯ ಅನುಮತಿ ಅಲ್ಲ. 2022ರಲ್ಲಿ ತಿದ್ದಿದ ವನ್ಯಜೀವಿ ಕಾಯ್ದೆಯಲ್ಲಿ ಹಂದಿ ರಕ್ಷಿತ ಪ್ರಾಣಿಗಳ 2ನೇ ಪಟ್ಟಿಯಲ್ಲಿದೆ. ಬೆಳೆಗೆ ಹಾನಿ ಮಾಡುವುದನ್ನು ಹೊಡೆಯಲು ಅರಣ್ಯ ಇಲಾಖೆಯ ಬರವಣಿಗೆಯ ಅಪ್ಪಣೆ ಬೇಕು. ಕೇರಳದಲ್ಲಿ 2022ರಿಂದ ಪಂಚಾಯಿತಿ ಅಧ್ಯಕ್ಷರೇ ಅಪ್ಪಣೆ ಕೊಡುವ ವ್ಯವಸ್ಥೆ ಬಂತು. ಗಡಿ ಆಚೆಯವರು ಹೇಳುವುದು ಸುಳ್ಳಲ್ಲ, ಆದರೆ ಅದು ಅಲ್ಲಿಯ ಮಾತು. ಗಾಳಿಗೆ ಒಂದು ಈಡು ಹೊಡೆದರೆ ಹಂದಿ ಆ ರಾತ್ರಿ ಪಕ್ಕದ ಗದ್ದೆಗೆ ಹೋಗುತ್ತದೆ, ಅಷ್ಟೇ. ನಿಮಗೂ ಗೊತ್ತು. ಪಂಪಿಗೆ ಎತ್ತಿಟ್ಟ ದುಡ್ಡಿನಲ್ಲಿ ಸೋಲಾರ್ ಬೇಲಿ ಎಷ್ಟು ದೂರ ಬರುತ್ತದೆ ನೋಡಿ.

ಚುನಾವಣೆ ಬಂದಾಗಲೆಲ್ಲ ಬೆಳೆಗಾರರ ಕೋವಿ ಠಾಣೆ ಸೇರುವುದರ ಬಗ್ಗೆ ಸಿಟ್ಟು ಬಹಳ ಜನರಿಗಿದೆ. ನನಗೂ ಇದೆ. ಎಲ್ಲರ ಹತ್ತಿರವೂ ಕಣ್ಣುಮುಚ್ಚಿ ಕಸಿಯಿರಿ ಎಂದು ಚುನಾವಣಾ ಆಯೋಗ ಹೇಳಿಲ್ಲ. ಪ್ರತಿ ಲೈಸೆನ್ಸ್ ಪರಿಶೀಲಿಸಲು ಜಿಲ್ಲೆಗೊಂದು ಸಮಿತಿ ಇದೆ. ಆನೆ, ಹಂದಿ ಕಾರಣ ಬರೆದು ಮೊದಲೇ ಅರ್ಜಿ ಹಾಕಿ. ನಿಮ್ಮ ಲೈಸೆನ್ಸಿಗೆ ವಿಶಿಷ್ಟ ಗುರುತಿನ ಸಂಖ್ಯೆ ಇದೆಯೇ ಅಂತಲೂ ಇವತ್ತೇ ನೋಡಿ, ಅದಿಲ್ಲದ ಲೈಸೆನ್ಸ್ ಈಗ ನಡೆಯುವುದಿಲ್ಲ.

ಬೀರುವಿನಲ್ಲಿ ಕೋವಿಯ ಜೊತೆ ಅಪ್ಪನ ಕಾಲದ ಕಾಗದದ ತೋಟೆಗಳೂ ಇರಬಹುದು. ಮಳೆಗಾಲದ ತೇವಕ್ಕೆ ಉಬ್ಬಿರುತ್ತವೆ. ಅವನ್ನು ಹಾರಿಸಿ ಮುಗಿಸೋಣ ಅಂತಾಗಲಿ, ಬಿಚ್ಚಿ ಚರೆ ತೆಗೆಯೋಣ ಅಂತಾಗಲಿ ಯೋಚಿಸಬೇಡಿ. ಎಣಿಸಿ ಬರೆದುಕೊಂಡು ಕೋವಿಯ ಜೊತೆಗೇ ಒಪ್ಪಿಸಿ, ರಸೀದಿಯಲ್ಲಿ ಅವನ್ನೂ ಸೇರಿಸಿ.

-ಸಂ.