ಇಜಿಎಫ್‌ಆರ್ 58: ಹೆದರಬೇಕಾದದ್ದು ಯಾವುದಕ್ಕೆ?

ಪ್ರಶ್ನೆ: ನನಗೆ 72 ವರ್ಷ, ಗಂಡಸು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯ) 1.3, ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) 58 ಬಂದಿದೆ. ಇದು ಕಿಡ್ನಿ ಕಾಯಿಲೆಯ ಮೂರನೇ ಹಂತ ಎಂದು ಓದಿದಾಗಿನಿಂದ ನಿದ್ದೆ ಹತ್ತುತ್ತಿಲ್ಲ. ಡಯಾಲಿಸಿಸ್ ಹತ್ತಿರ ಬಂತೇ?

ಉತ್ತರ: ಇಲ್ಲ. ಡಯಾಲಿಸಿಸ್ ಮಾತು ಸಾಮಾನ್ಯವಾಗಿ ಏಳುವುದು ಇಜಿಎಫ್‌ಆರ್ 15ಕ್ಕಿಂತ ಕೆಳಗಿಳಿದ ಮೇಲೆ. ಆಗಲೂ ವಾಂತಿ, ಉಸಿರುಕಟ್ಟು, ಏರುವ ಪೊಟ್ಯಾಸಿಯಂ ಇವನ್ನೆಲ್ಲ ನೋಡಿಯೇ ನಿರ್ಧರಿಸುತ್ತಾರೆ.

ಇಜಿಎಫ್‌ಆರ್ ನೇರವಾಗಿ ಅಳೆದ ಅಂಕಿಯಲ್ಲ. ಕ್ರಿಯಾಟಿನಿನ್, ವಯಸ್ಸು, ಲಿಂಗ ಸೇರಿಸಿ ಹಾಕಿದ ಲೆಕ್ಕ. ಅದೇ 1.3 ಕ್ರಿಯಾಟಿನಿನ್ 30ರ ಹುಡುಗನದಾಗಿದ್ದರೆ ಲೆಕ್ಕ ಸುಮಾರು 76 ಬರುತ್ತಿತ್ತು. ನಲವತ್ತು ದಾಟಿದ ಮೇಲೆ ವರ್ಷಕ್ಕೆ ಸುಮಾರು ಒಂದರಂತೆ ಇಳಿಯುವುದು ಆರೋಗ್ಯವಂತರಲ್ಲೂ ಇದ್ದದ್ದೇ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ಹಾಗಾಗಿ ಪರೀಕ್ಷೆಯ ಹಿಂದಿನ ದಿನ ಮೈಮುರಿದು ದುಡಿದಿದ್ದರೆ, ಮಾಂಸ ಹೆಚ್ಚು ತಿಂದಿದ್ದರೆ, ನೀರು ಕಡಿಮೆ ಕುಡಿದಿದ್ದರೆ ಅದು ಏರಿ, ಇಜಿಎಫ್‌ಆರ್ ಇಳಿದಂತೆ ಕಾಣುತ್ತದೆ. ತೀರಾ ಸೊರಗಿದ ವೃದ್ಧರಲ್ಲಿ ಇದು ತಿರುವುಮುರುವು: ಸ್ನಾಯುವೇ ಕರಗಿರುವುದರಿಂದ ವರದಿ ಚೆನ್ನಾಗಿ ಕಾಣುತ್ತದೆ, ಕಿಡ್ನಿ ಸೋತಿದ್ದರೂ ಗೊತ್ತಾಗುವುದಿಲ್ಲ. ಅನುಮಾನವಿದ್ದಾಗ ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್-ಸಿ ಎಂಬ ರಕ್ತಪರೀಕ್ಷೆ ನೆರವಾಗುತ್ತದೆ.

ಈಗ ಮಾಡಬೇಕಾದ್ದು ಎರಡು ಕೆಲಸ. ಮೂರು ತಿಂಗಳು ಕಳೆದ ಮೇಲೂ ಅಂಕಿ 60ರ ಕೆಳಗೇ ಇದೆಯೇ ಎಂದು ಮತ್ತೆ ನೋಡಿ. ಒಂದೇ ವರದಿಯಿಂದ ದೀರ್ಘಕಾಲದ ಕಾಯಿಲೆ ಎನ್ನುವಂತಿಲ್ಲ. ಜೊತೆಗೆ ಬೆಳಗಿನ ಮೊದಲ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಎಷ್ಟು ಸೋರುತ್ತಿದೆ ಎಂದು ತೋರಿಸುವ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಮಾಡಿಸಿ. ಗ್ರಾಂಗೆ 30 ಮಿಲಿಗ್ರಾಂ ಒಳಗಿದ್ದರೆ ಸಮಾಧಾನ, 300 ದಾಟಿದರೆ ತಡಮಾಡದೆ ಕಿಡ್ನಿ ತಜ್ಞರನ್ನು ಕಾಣಬೇಕು. ಅಂಕಿ 58ರಲ್ಲೇ ಇದ್ದರೂ ಅನುಪಾತ 10 ಇರುವವರದೂ 400 ಇರುವವರದೂ ಒಂದೇ ಸ್ಥಿತಿಯಲ್ಲ. ದುರದೃಷ್ಟವೆಂದರೆ ಎಷ್ಟೋ ಜನ ಈ ಮೂತ್ರಪರೀಕ್ಷೆಯನ್ನೇ ಮಾಡಿಸಿರುವುದಿಲ್ಲ. ಹಳೆಯ ವರದಿಗಳನ್ನೂ ದಿನಾಂಕವಾರು ಜೋಡಿಸಿಕೊಂಡು ಹೋಗಿ. ಐದು ವರ್ಷದಿಂದ 60ರ ಆಸುಪಾಸಿನಲ್ಲೇ ನಿಂತಿದ್ದರೆ ಒಂದು ಮಾತು, ಒಂದೇ ವರ್ಷದಲ್ಲಿ 70ರಿಂದ ಜಾರಿದ್ದರೆ ಬೇರೆಯೇ ಮಾತು.

ಪ್ರಶ್ನೆ: ತಾಯಿಗೆ ಬಿಪಿಗೆ ಟೆಲ್ಮಿಸಾರ್ಟಾನ್ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆ ಇದೆ. ಮಂಡಿನೋವಿಗೆ ದಿನವೂ ಡೈಕ್ಲೋಫೆನಾಕ್ ನುಂಗುತ್ತಾರೆ. ಕ್ರಿಯಾಟಿನಿನ್ ಏರುತ್ತಿದೆ. ಬಿಪಿ ಮಾತ್ರೆ ಬಿಡಿಸಬೇಕೇ?

ಉತ್ತರ: ಮೊದಲು ಅನುಮಾನಿಸಬೇಕಾದ್ದು ನೋವಿನ ಮಾತ್ರೆಯನ್ನು. ಕಿಡ್ನಿಯ ಸೋಸುವ ಗಂಟಿಗೆ ರಕ್ತ ತರುವ ನಾಳ ಒಂದು, ಒಯ್ಯುವ ನಾಳ ಇನ್ನೊಂದು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ತರುವ ನಾಳವನ್ನು ಬಿಗಿಯುತ್ತವೆ. ಟೆಲ್ಮಿಸಾರ್ಟಾನ್ ಒಯ್ಯುವ ನಾಳವನ್ನು ಸಡಿಲಿಸುತ್ತದೆ. ಮೂತ್ರದ ಮಾತ್ರೆ ಮೈಯಲ್ಲಿನ ನೀರನ್ನೇ ಇಳಿಸುತ್ತದೆ. ಮೂರೂ ಸೇರಿದರೆ ಸೋಸಲು ಬೇಕಾದ ಒತ್ತಡ ಕುಸಿಯುತ್ತದೆ. ಮೇಲೊಂದು ದಿನ ವಾಂತಿ-ಭೇದಿ ಆದರೆ ಕಿಡ್ನಿ ದಿಢೀರನೆ ಕೈಕೊಡಬಹುದು. ನೋವಿಗೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಆಗಬಹುದೇ ಎಂದು ಕೇಳಿ.

ಟೆಲ್ಮಿಸಾರ್ಟಾನನ್ನು ನೀವಾಗಿಯೇ ನಿಲ್ಲಿಸಬೇಡಿ. ಅದು ಮೂತ್ರದಲ್ಲಿ ಪ್ರೋಟೀನ್ ಸೋರುವುದನ್ನು ತಡೆಯುವ ಔಷಧಿ. ಶುರುಮಾಡಿದಾಗ ಕ್ರಿಯಾಟಿನಿನ್ ಶೇ. 30ರವರೆಗೆ ಏರಿದರೆ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಎರಡರಿಂದ ನಾಲ್ಕು ವಾರದೊಳಗೆ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಮತ್ತೆ ನೋಡಬೇಕು. ವಾಂತಿ-ಭೇದಿಯ ದಿನ ಯಾವ ಮಾತ್ರೆಗೆ ಬಿಡುವು ಕೊಡಬೇಕು, ಮತ್ತೆ ಯಾವಾಗ ಶುರುಮಾಡಬೇಕು ಎಂಬುದನ್ನು ಈಗಲೇ ವೈದ್ಯರಿಂದ ಬರೆಸಿಟ್ಟುಕೊಳ್ಳಿ.

ಪ್ರಶ್ನೆ: ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿದರೆ ಕಿಡ್ನಿ ಸುಧಾರಿಸುತ್ತದೆಯೇ?

ಉತ್ತರ: ಸುಧಾರಿಸುವುದಿಲ್ಲ. ಬಾಯಾರದಂತೆ ಕುಡಿದರೆ ಸಾಕು. ಹೃದಯ ದುರ್ಬಲವಿದ್ದು ಕಾಲು ಊದುವವರಿಗೆ ನಾಲ್ಕು ಲೀಟರ್ ಅಪಾಯವೇ. ಅದಕ್ಕಿಂತ ಉಪ್ಪನ್ನು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಇಡಿ. ಇದಕ್ಕೆಂದು ಕಡಿಮೆ ಸೋಡಿಯಂ ಉಪ್ಪು ಕೊಳ್ಳುವ ಮುನ್ನ ಪೊಟ್ಟಣದ ಹಿಂಬದಿ ಓದಿ. ಸೋಡಿಯಂ ಜಾಗದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇದ್ದರೆ, ಕಿಡ್ನಿ ಸೋತವರಲ್ಲಿ ಅದು ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು.