ಯಾವ ಪ್ರೊಸೆಸರ್, ಯಾವ ಪ್ರೋಗ್ರಾಂ?

ಪ್ರಿಯ ಲೇಖಕರಿಗೆ,

ಪ್ರೋಗ್ರಾಂನ ಮೂಲವನ್ನು ಪ್ರೊಸೆಸರಿನ ಸೂಚನೆಗಳಾಗಿ ಬದಲಿಸುವ ಕಂಪೈಲರಿನ ಆಯ್ಕೆಗಳ ಕುರಿತ ನಿಮ್ಮ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕನ್ನಡದಲ್ಲಿ ಈ ವಿಷಯ ಬರಲೇಬೇಕು ಎಂಬ ಆಸೆ ನನಗೂ ಇದೆ, ಆದ್ದರಿಂದ ಕಾರಣಗಳನ್ನು ಬಿಡಿಸಿ ಹೇಳುತ್ತೇನೆ.

ಜಿಸಿಸಿ ಎಂಬ ಕಂಪೈಲರಿಗೆ ‘ಓ-3’ (ವೇಗಕ್ಕಾಗಿ ತಿದ್ದುವ ಮಟ್ಟ), ‘ಎಂ-ಆರ್ಚ್=ನೇಟಿವ್’, ‘ಫಾಸ್ಟ್-ಮ್ಯಾತ್’ (ದಶಮಾಂಶ ಲೆಕ್ಕದ ನಿಯಮಗಳನ್ನು ಸಡಿಲಿಸುವ ಆಯ್ಕೆ) ಮೂರನ್ನೂ ಕೊಟ್ಟರೆ ವೇಗ ದುಪ್ಪಟ್ಟಾಗುತ್ತದೆ ಎಂದು ಬರೆದಿದ್ದೀರಿ. ಯಾವ ಪ್ರೊಸೆಸರಿನಲ್ಲಿ ಅಳೆದಿರಿ ಎಂಬುದು ಲೇಖನದಲ್ಲಿ ಎಲ್ಲಿಯೂ ಇಲ್ಲ. ‘ನೇಟಿವ್’ ಎಂದರೆ ಕಂಪೈಲರ್ ತಾನು ಕುಳಿತಿರುವ ಯಂತ್ರಕ್ಕೆ ಗೊತ್ತಿರುವ ಸೂಚನೆಗಳನ್ನೆಲ್ಲ ಬಳಸಿಕೊಳ್ಳುತ್ತದೆ. ಹಲವು ಸಂಖ್ಯೆಗಳ ಮೇಲೆ ಒಟ್ಟಿಗೆ ಕೆಲಸ ಮಾಡುವ ಎವಿಎಕ್ಸ್-2 ಸೂಚನೆಗಳನ್ನು ಇಂಟೆಲ್ ತಂದದ್ದು 2013ರ ಪ್ರೊಸೆಸರ್ ಪೀಳಿಗೆಯಾದ ಹ್ಯಾಸ್ವೆಲ್‌ನಲ್ಲಿ. ಅವನ್ನು ಬಳಸಿದ ಕಡತವನ್ನು 2012ರ ಐವಿ ಬ್ರಿಡ್ಜ್ ಲ್ಯಾಪ್‌ಟಾಪಿಗೆ ಒಯ್ದರೆ, ಕೆಲವೊಮ್ಮೆ ಸ್ವಲ್ಪ ಹೊತ್ತು ಸರಿಯಾಗಿಯೇ ಓಡಿ, ಆ ಸೂಚನೆ ಎದುರಾದೊಡನೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ನಿಂತುಬಿಡುತ್ತದೆ. ನಿಮ್ಮ ಮಾತು ನಂಬಿ ಗೆಳೆಯರಿಗೆ ಕಡತ ಹಂಚಿದ ಓದುಗ ಏನು ಮಾಡಬೇಕು? ಹಂಚುವವರು ‘ಎಕ್ಸ್86-64-ವಿ3’ಯಂತಹ ನಿಶ್ಚಿತ ಮಟ್ಟವನ್ನು (ಇದು ಎವಿಎಕ್ಸ್-2 ಇರುವ ಪ್ರೊಸೆಸರುಗಳಿಗೆ) ಆರಿಸಬಹುದು, ಜಿಸಿಸಿ 11ರಿಂದ ಅದು ಲಭ್ಯ. ‘ಎಂ-ಟ್ಯೂನ್’ ಎಂಬ ಆಯ್ಕೆ ‘ಎಂ-ಆರ್ಚ್’ಗಿಂತ ಬೇರೆ. ಅದು ಸೂಚನೆಗಳ ಆಯ್ಕೆ ಮತ್ತು ಕ್ರಮವನ್ನು ಒಂದು ಪ್ರೊಸೆಸರಿಗೆ ಹಿತವಾಗುವಂತೆ ಹೊಂದಿಸುತ್ತದೆಯೇ ಹೊರತು ಹೊಸ ಸೂಚನೆಗಳನ್ನು ತರುವುದಿಲ್ಲ. ನೀವು ಎರಡನ್ನೂ ಒಂದೇ ಎಂದು ಬರೆದಿದ್ದೀರಿ.

ನನಗೆ ನಿಜಕ್ಕೂ ಆತಂಕವಾದದ್ದು ‘ಫಾಸ್ಟ್-ಮ್ಯಾತ್’ ಪಕ್ಕದಲ್ಲಿ ‘ಅಪಾಯವಿಲ್ಲ’ ಎಂದು ಬರೆದದ್ದನ್ನು ನೋಡಿ. ನಿಮ್ಮ ಉದಾಹರಣೆ ಮಳೆಯ ಸರಾಸರಿಯದ್ದು. ಅಳತೆ ಸಿಗದ ದಿನಕ್ಕೆ ‘ನ್ಯಾನ್’ (‘ಸಂಖ್ಯೆಯಲ್ಲ’ ಎಂಬ ಗುರುತು) ಇಟ್ಟು, ಕೂಡುವಾಗ ‘ಇಸ್‌ನ್ಯಾನ್’ ಪರೀಕ್ಷೆಯಿಂದ ಅದನ್ನು ಬಿಟ್ಟಿದ್ದೀರಿ. ಆದರೆ ಈ ಆಯ್ಕೆ ಕೊಟ್ಟೊಡನೆ, ನ್ಯಾನ್ ಎಂಬುದು ಬರುವುದೇ ಇಲ್ಲ ಎಂದು ಕಂಪೈಲರಿಗೆ ನೀವೇ ಮಾತು ಕೊಟ್ಟಂತೆ. ಅದು ಪರೀಕ್ಷೆಯನ್ನೇ ಅಳಿಸಿಹಾಕಬಹುದು, ಆಗ ಒಂದು ದಿನದ ಅಳತೆ ತಪ್ಪಿದರೂ ಇಡೀ ಸರಾಸರಿ ನ್ಯಾನ್ ಆಗಿ ಹೊರಬರುತ್ತದೆ.

ಆ ಆಯ್ಕೆಯಿಂದ ವೇಗ ಬಂದದ್ದು ಸುಳ್ಳಲ್ಲ. ಎವಿಎಕ್ಸ್‌ನ 256 ಬಿಟ್ ರಿಜಿಸ್ಟರು (ಪ್ರೊಸೆಸರಿನೊಳಗಿನ ಪುಟ್ಟ ಸಂಗ್ರಹ) 32 ಬಿಟ್ ದಶಮಾಂಶ ಸಂಖ್ಯೆಗಳಾದ ಎಂಟು ಫ್ಲೋಟ್‌ಗಳನ್ನು ಒಟ್ಟಿಗೆ ಕೂಡಬಲ್ಲದು. ಆದರೆ ಹಾಗೆ ಮಾಡಿದರೆ ಕೂಡುವ ಕ್ರಮ ಬದಲಾಗಿ ಉತ್ತರದ ಕೊನೆಯ ಅಂಕಿಗಳು ಬೇರೆಯಾಗಬಹುದು, ಅದಕ್ಕೇ ಕಂಪೈಲರ್ ಅನುಮತಿಗಾಗಿ ಕಾಯುತ್ತದೆ. ಆ ಅನುಮತಿಗೆ ‘ಅಸೋಸಿಯೇಟಿವ್-ಮ್ಯಾತ್’ ಮತ್ತು ಅದರ ಜೊತೆ ಕೊಡಬೇಕಾದ ‘ನೋ-ಸೈನ್ಡ್-ಝೀರೋಸ್’, ‘ನೋ-ಟ್ರ್ಯಾಪಿಂಗ್-ಮ್ಯಾತ್’ ಸಾಕು, ನ್ಯಾನ್ ಪರೀಕ್ಷೆಯನ್ನು ಬಲಿ ಕೊಡಬೇಕಿಲ್ಲ. ಲೇಖನದ ಜೀವ ಇರುವುದು ಇಲ್ಲಿ. ನೀವು ಇದನ್ನು ಒಂದೇ ಸಾಲಿನಲ್ಲಿ ದಾಟಿದ್ದೀರಿ.

ಪರಿಚಯದ ಎರಡು ಪುಟ ಬಿಟ್ಟುಬಿಡಿ. ಮಳೆಯ ಅಳತೆಗಳನ್ನು ಒಂದೊಂದಾಗಿ ಕೂಡುವ ಇದೊಂದೇ ಲೂಪನ್ನು ಇಟ್ಟುಕೊಂಡು, ಪ್ರೊಸೆಸರಿನ ಹೆಸರು ಬರೆದು, ‘ಓ-2’ರಿಂದ ಆರಂಭಿಸಿ ಒಂದೊಂದೇ ಆಯ್ಕೆ ಸೇರಿಸುತ್ತ ಸಮಯ ಅಳೆಯಿರಿ. ಪ್ರತಿ ಹಂತದಲ್ಲೂ ಸರಾಸರಿಯ ಉತ್ತರವನ್ನೂ ಪಕ್ಕದಲ್ಲಿ ಕೊಡಿ. ಬದಲಾವಣೆ ಕಾಣದ ಹಂತಗಳನ್ನು ಮುಚ್ಚಿಡಬೇಡಿ. ತಿದ್ದಿದ ಪ್ರತಿಯೊಂದಿಗೆ ಪ್ರೋಗ್ರಾಂನ ಮೂಲವನ್ನೂ ಕಳುಹಿಸಿ, ನಾನೂ ಓಡಿಸಿ ನೋಡುತ್ತೇನೆ.

ಇಂತಿ,
ಸಂಪಾದಕ